ಹೊನ್ನಾವರದ ನಾವಿಕ ತಿಮ್ಮೋಜ

ನೌಕಾಬಲವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಟ್ಟದಂತಹ ಯುದ್ಧನೌಕೆಗಳು, ಅವುಗಳ ಮೇಲೆ ಸಾಲಾಗಿ ನಿಂತ ಫಿರಂಗಿಗಳು. ಆದರೆ ಇಂದಿನ ಪ್ರತಿಯೊಂದು ದೊಡ್ಡ ರಾಷ್ಟ್ರದ ನೌಕಾಪಡೆಯಲ್ಲಿಯೂ ಕೈಬೆರಳೆಣಿಕೆಯ ಜನರ ಒಂದು ಸಣ್ಣ ತುಕಡಿ ಇರುತ್ತದೆ. ಅವರು ರಾತ್ರಿಯ ಹೊತ್ತು, ಯಾರಿಗೂ ಕಾಣದಂತೆ, ಸಣ್ಣ ದೋಣಿಗಳಲ್ಲಿ ಇಲ್ಲವೆ ನೀರಿನ ಅಡಿಯಲ್ಲಿ ಈಜಿಹೋಗಿ ಶತ್ರುವಿನ ಬಂದರನ್ನು ಹೊಗುತ್ತಾರೆ. ೧೯೪೧ರ ಡಿಸೆಂಬರ್ ತಿಂಗಳಲ್ಲಿ ಇಟಲಿಯ ಆರು ಮಂದಿ ಮುಳುಗುಗಾರರು ಅಲೆಕ್ಸಾಂಡ್ರಿಯ ಬಂದರಿನಲ್ಲಿ ಬ್ರಿಟಿಷರ ಎರಡು ಮಹಾನೌಕೆಗಳನ್ನು ಒಂದೇ ರಾತ್ರಿಯಲ್ಲಿ ನಿಷ್ಕ್ರಿಯಗೊಳಿಸಿದರು. ಅಮೆರಿಕದವರು ೧೯೬೨ರಲ್ಲಿ ಸೀಲ್ ಪಡೆಯನ್ನು ಕಟ್ಟಿದರು. ಭಾರತದ ನೌಕಾಪಡೆಯಲ್ಲಿ ಇಂತಹ ತುಕಡಿ ೧೯೮೭ರಲ್ಲಿ ಹುಟ್ಟಿತು. ಮಾರ್ಕೋಸ್ ಎಂಬ ಹೆಸರಿನಿಂದ ಅದು ಈಗ ಪ್ರಸಿದ್ಧವಾಗಿದೆ. ಹೆಸರುಗಳು ಹೊಸವು, ಸಲಕರಣೆಗಳೂ ಹೊಸವು. ಆದರೆ ಅಲ್ಪಸಂಖ್ಯೆಯ ಜನ ಮರೆಮಾಚುವಿಕೆಯಿಂದಲೂ, ನೀರಿನ ಪರಿಚಯದಿಂದಲೂ ದೊಡ್ಡ ಹಡಗನ್ನು ಕಂಗೆಡಿಸುವ ಈ ವಿದ್ಯೆ ನಮ್ಮ ಕನ್ನಡ ಕರಾವಳಿಗೆ ಹೊಸದಲ್ಲ. ಐನೂರು ವರ್ಷಗಳ ಹಿಂದೆ ಅದನ್ನು ಕರಗತಮಾಡಿಕೊಂಡಿದ್ದವನೊಬ್ಬನು ಹೊನ್ನಾವರದಲ್ಲಿದ್ದನು. ಅವನೇ ತಿಮ್ಮೋಜ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದರು. ತಿಮ್ಮಯ್ಯ ಎಂದು ಕರೆಯುವವರೂ ಉಂಟು. ನಮ್ಮ ಪಠ್ಯಪುಸ್ತಕಗಳಲ್ಲಿ ಅವನಿಗೆ ಸಿಕ್ಕಿರುವ ಸ್ಥಳ ಆಲ್ಬುಕರ್ಕನ ಅಧ್ಯಾಯದಲ್ಲಿ ಅರ್ಧ ಸಾಲು ಮಾತ್ರ.

ಅವನ ಕೆಲಸವನ್ನು ತಿಳಿಯಬೇಕಾದರೆ ಮೊದಲು ಅವನ ನೀರನ್ನು ತಿಳಿಯಬೇಕು. ಹೇರೋಹಳ್ಳಿಯ ಕೆರೆಯನ್ನೇ ದೊಡ್ಡ ನೀರೆಂದು ನೋಡಿ ಬೆಳೆದ ನಮ್ಮಂತಹ ಬಯಲುಸೀಮೆಯವರಿಗೆ ಅಳಿವೆ ಎಂಬ ಮಾತು ಅಪರಿಚಿತ. ನದಿಯು ಸಮುದ್ರವನ್ನು ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಅಲ್ಲಿ ನದಿ ತಂದ ಮರಳೂ ಕಡಲು ತಳ್ಳಿದ ಮರಳೂ ಸೇರಿ ನೀರಿನೊಳಗೆ ದಿಣ್ಣೆ ಕಟ್ಟುತ್ತದೆ. ಈ ದಿಣ್ಣೆ ನಿಂತಲ್ಲಿ ನಿಲ್ಲುವುದಿಲ್ಲ. ಹೋದ ವರ್ಷ ಆಳವಿದ್ದ ದಾರಿ ಈ ವರ್ಷ ಮೊಣಕಾಲುದ್ದ ನೀರಾಗಿರಬಹುದು. ಭರತದ ಹೊತ್ತಿನಲ್ಲಿ ದಾಟಬಹುದಾದ ದೋಣಿ ಇಳಿತದ ಹೊತ್ತಿನಲ್ಲಿ ಮರಳಿಗೆ ಹೂತು ಕೂರುತ್ತದೆ. ಮಳೆಗಾಲದ ಮೂರು ತಿಂಗಳು ಅಳಿವೆಯ ಬಾಯಿಯಲ್ಲಿ ಅಲೆಗಳು ಏಳುವ ಪರಿಯನ್ನು ನೋಡಿದವರು ಯಾವ ಹಡಗೂ ಆಗ ಹೊರಬೀಳಲಾರದೆಂದು ಬಲ್ಲರು. ಹೊನ್ನಾವರ ನಿಂತಿರುವುದು ಶರಾವತಿಯ ಅಳಿವೆಯಲ್ಲಿ. ಅದರ ಉತ್ತರಕ್ಕೆ ಅಘನಾಶಿನಿ, ಗಂಗಾವಳಿ, ಕಾಳಿ. ಇನ್ನೂ ಉತ್ತರಕ್ಕೆ ಹೋದರೆ ಗೋವೆಯ ಜುವಾರಿ ಮತ್ತು ಮಾಂಡವಿ. ಸಾಗರ ದಾಟಿ ಬಂದ ದೊಡ್ಡ ಹಡಗು ಇಂತಹ ಬಾಯಿಯ ಹೊರಗೆ ಲಂಗರು ಹಾಕಿ ಕಾಯಬೇಕು. ಹುಟ್ಟು ಹಾಕಿ ನಡೆಸುವ ಹಗುರವಾದ ಪಡವು ಮಾತ್ರ ದಿಣ್ಣೆಗಳ ನಡುವೆ ನುಸುಳಿ ಒಳಗೆ ಮರೆಯಾಗಬಲ್ಲದು, ಬೇಕಾದಾಗ ಹೊರಗೆ ಹಾರಬಲ್ಲದು. ತಿಮ್ಮೋಜನ ಬಲವೆಲ್ಲ ಇಂತಹ ಪಡವುಗಳಲ್ಲಿ ಇತ್ತು.

ಅವನು ತನ್ನನ್ನು ಗೋವೆಯಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳುತ್ತಿದ್ದನೆಂದೂ, ಗೋವೆ ಬಿಜಾಪುರದ ವಶವಾದ ಮೇಲೆ ಅಲ್ಲಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದನೆಂದೂ ಪೋರ್ಚುಗೀಸ್ ಬರಹಗಳಿಂದ ತಿಳಿಯುತ್ತದೆ. ಬಹಮನಿ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡಿದ್ದನು. ಬಹಮನಿ ರಾಜ್ಯ ಒಡೆದಾಗ ಅದು ಯೂಸುಫ್ ಆದಿಲ್ ಖಾನನ ಪಾಲಾಯಿತು. ವಿಜಯನಗರಕ್ಕೆ ಇದು ಸಾಮಾನ್ಯ ನಷ್ಟವಾಗಿರಲಿಲ್ಲ. ಅಂದಿನ ಯುದ್ಧದ ಜೀವಾಳ ಕುದುರೆ. ಒಳ್ಳೆಯ ಕುದುರೆಗಳು ದಖ್ಖನದಲ್ಲಿ ಹುಟ್ಟುತ್ತಿರಲಿಲ್ಲ, ಅರಬಸ್ತಾನದಿಂದಲೂ ಹೊರ್ಮುಜಿನಿಂದಲೂ ಹಡಗಿನಲ್ಲಿ ಬರಬೇಕಾಗಿತ್ತು. ಕುದುರೆ ಗೋವೆಯಲ್ಲಿ ಇಳಿದರೆ ಬಿಜಾಪುರದ ಲಾಯಕ್ಕೆ ಹೋಗುತ್ತಿತ್ತು. ಹೊನ್ನಾವರದಲ್ಲಿಯೋ ಭಟ್ಕಳದಲ್ಲಿಯೋ ಇಳಿದರೆ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿತ್ತು. ಆದುದರಿಂದ ಕುದುರೆಯ ಹಡಗುಗಳನ್ನು ಗೋವೆಯತ್ತ ಹೋಗಗೊಡದೆ ದಕ್ಷಿಣದ ಬಂದರುಗಳ ಕಡೆಗೆ ತಿರುಗಿಸುವವನೊಬ್ಬನು ಬೇಕಾಗಿದ್ದನು. ಆ ಕೆಲಸವನ್ನು ತಿಮ್ಮೋಜನು ಮಾಡಿದನು. ಪರಂಗಿ ಬಖೈರುಕಾರರು ಅವನನ್ನು ಕಡಲುಗಳ್ಳನೆಂದು ಕರೆದಿದ್ದಾರೆ. ಸುಲಿಗೆಯ ಪಾಲು ಅವನಿಗೂ ಸಿಗುತ್ತಿತ್ತು ಎಂಬುದು ನಿಜ. ಆದರೆ ಹೊನ್ನಾವರದ ಅರಸನ ಆಶ್ರಯದಲ್ಲಿದ್ದು, ವಿಜಯನಗರದ ಹಿತಕ್ಕಾಗಿ, ವಿಜಯನಗರದ ಶತ್ರುವಿನ ವ್ಯಾಪಾರವನ್ನು ಮುರಿಯುತ್ತಿದ್ದವನನ್ನು ಬರಿಯ ಕಳ್ಳನೆನ್ನುವುದು ನ್ಯಾಯವಲ್ಲ. ಇಂಗ್ಲೆಂಡಿನ ಡ್ರೇಕನು ಸ್ಪೇನಿನ ಹಡಗುಗಳಿಗೆ ಮಾಡಿದ್ದೂ ಇದೇ ತೆರನಾದ ಕೆಲಸ. ಅವನಿಗೆ ಅವನ ರಾಣಿ ಪದವಿ ಕೊಟ್ಟಳು.

ತಿಮ್ಮೋಜನ ಹೆಸರು ಚರಿತ್ರೆಯ ಪುಟದಲ್ಲಿ ಮೊದಲು ಕಾಣುವುದು ೧೪೯೮ರಲ್ಲಿ. ವಾಸ್ಕೋ ಡ ಗಾಮನು ಕಲ್ಲಿಕೋಟೆಯಲ್ಲಿ ವಿರಸ ಕಟ್ಟಿಕೊಂಡು ಹಿಂದಿರುಗುವಾಗ, ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದನು. ದ್ವೀಪದಲ್ಲಿ ಸಿಹಿನೀರು ಇತ್ತು. ಹಡಗುಗಳ ತಳವನ್ನು ಕೆರೆದು ಸರಿಪಡಿಸಬೇಕಾಗಿತ್ತು. ಆಗ ನಡೆದುದನ್ನು ನಂತರದ ಬಖೈರುಕಾರರು ಹೀಗೆ ವಿವರಿಸಿದ್ದಾರೆ. ಸಮುದ್ರದ ಮೇಲೆ ಹಸುರು ಮರಗಳಿಂದ ತುಂಬಿದ ಒಂದು ಕಿರುನಡುಗಡ್ಡೆ ಕಾಣಿಸಿತು. ನೋಡನೋಡುತ್ತಿದ್ದಂತೆ ಅದು ಹತ್ತಿರಕ್ಕೆ ಬರತೊಡಗಿತು. ಎಂಟು ಪಡವುಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಕೊಂಬೆ ಸೊಪ್ಪುಗಳನ್ನು ಹೊದಿಸಿ, ಅದರೊಳಗೆ ಜನರನ್ನು ಅಡಗಿಸಿ ತಿಮ್ಮೋಜನು ಬರುತ್ತಿದ್ದನು. ಗಾಮನಿಗೆ ಅನುಮಾನ ಬಂದಿತು. ಅವನ ಹಡಗುಗಳಿಂದ ಗುಂಡು ಹಾರಿದೊಡನೆ ನಡುಗಡ್ಡೆ ಚೂರುಚೂರಾಗಿ ಎಂಟು ದೋಣಿಗಳಾಗಿ ದಡದ ಕಡೆಗೆ ಓಡಿತು.

ಉಪಾಯ ಫಲಿಸಲಿಲ್ಲ. ಆದರೂ ಅದರ ಹಿಂದಿರುವ ಬುದ್ಧಿಯನ್ನು ಗಮನಿಸಬೇಕು. ಅಂಜದೀವದ ಸುತ್ತಮುತ್ತ ಸಣ್ಣಪುಟ್ಟ ನಡುಗಡ್ಡೆಗಳು ಹಲವಿವೆ. ಆ ಕಡಲಿಗೆ ಹೊಸಬನಾದವನು ಇನ್ನೊಂದನ್ನು ಕಂಡರೆ ಬೆದರುವ ಕಾರಣವಿಲ್ಲ. ಹಡಗುಗಳ ತಳ ಕೆರೆಯುವಾಗ ಅವು ಓಡಲಾರವು, ನಾವಿಕರು ಅರ್ಧಕ್ಕರ್ಧ ದಡದಲ್ಲಿರುತ್ತಾರೆ. ಫಿರಂಗಿಯ ಮುಂದೆ ಪಡವು ನಿಲ್ಲಲಾರದು. ಆದುದರಿಂದ ಫಿರಂಗಿಗೆ ಬೆಂಕಿ ತಾಗುವ ಮೊದಲೇ ಹಡಗಿನ ಮೈಗೆ ಅಂಟಿಕೊಳ್ಳಬೇಕು. ಶತ್ರುವಿನ ದೌರ್ಬಲ್ಯದ ಗಳಿಗೆಯನ್ನು ಆರಿಸಿ, ಅವನ ಕಣ್ಣನ್ನು ವಂಚಿಸಿ, ಅವನ ಬಲವು ಕೆಲಸಕ್ಕೆ ಬಾರದಷ್ಟು ಹತ್ತಿರಕ್ಕೆ ಹೋಗುವುದು: ಇಂದು ನೌಕಾ ಕಮಾಂಡೊಗಳಿಗೆ ಶಾಲೆಗಳಲ್ಲಿ ಕಲಿಸುವುದಾದರೂ ಇದಕ್ಕಿಂತ ಬೇರೆಯೇನಲ್ಲ.

ಈ ಅಂಜದೀವದ ಮುಂದಿನ ಕಥೆಯೂ ಸ್ಮರಣೀಯವಾದುದು. ಪೋರ್ಚುಗೀಸರು ೧೫೦೫ರಲ್ಲಿ ಅಲ್ಲಿ ಕೋಟೆ ಕಟ್ಟಿ ಸ್ವಲ್ಪ ಕಾಲದಲ್ಲಿಯೇ ಬಿಟ್ಟುಹೋದರು, ಮತ್ತೆ ಬಹುಕಾಲದ ಮೇಲೆ ಬಂದು ನೆಲೆಸಿದರು. ೧೯೬೧ರ ಡಿಸೆಂಬರ್ ೧೮ರಂದು ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ ತ್ರಿಶೂಲ್ ಮತ್ತು ಮೈಸೂರು ಎಂಬ ನಮ್ಮ ಎರಡು ಯುದ್ಧನೌಕೆಗಳ ನಾವಿಕರು ದೋಣಿಗಳಲ್ಲಿ ಆ ದ್ವೀಪಕ್ಕೆ ಇಳಿದರು. ಮರೆಯಿಲ್ಲದ ದಡದಲ್ಲಿ ಗುಂಡಿನ ಮಳೆಗೆ ಎದೆಯೊಡ್ಡಿ ಏಳು ಮಂದಿ ಪ್ರಾಣಕೊಟ್ಟರು. ಇಂತಹ ಇಳಿದಾಣಕ್ಕೆಂದೇ ಪಳಗಿದ ಪಡೆ ಆಗ ನಮ್ಮಲ್ಲಿ ಇರಲಿಲ್ಲ. ಈಗ ದ್ವೀಪವು ಕಾರವಾರದ ನೌಕಾನೆಲೆಯ ಭಾಗವಾಗಿದೆ. ೨೦೦೫ರಲ್ಲಿ ಆರಂಭವಾದ ಆ ನೆಲೆಗೆ ಕದಂಬರ ಹೆಸರನ್ನಿಟ್ಟಿರುವುದು ಉಚಿತವಾಗಿದೆ.

ಗಾಮನು ಹೋದ ಮೇಲೆ ಪರಂಗಿಗಳು ವರ್ಷವರ್ಷವೂ ಹೆಚ್ಚು ಹಡಗುಗಳೊಡನೆ ಬಂದರು. ೧೫೦೫ರ ಅಕ್ಟೋಬರ್ ತಿಂಗಳಲ್ಲಿ ಅವರ ಮೊದಲನೆಯ ವೈಸರಾಯ್ ಫ್ರಾನ್ಸಿಸ್ಕೊ ಡ ಆಲ್ಮೇಡನು ಹೊನ್ನಾವರದ ಮೇಲೆ ಬಿದ್ದು ನದಿಯಲ್ಲಿದ್ದ ಹಡಗುಗಳನ್ನು ಸುಟ್ಟನು. ಅಳಿವೆಯೊಳಗೆ ತಾನು ಸುರಕ್ಷಿತನೆಂಬ ತಿಮ್ಮೋಜನ ನಂಬಿಕೆ ಅಂದು ಉರಿದುಹೋಗಿರಬೇಕು. ಪರಂಗಿಗಳಲ್ಲಿಯೂ ಈಗ ಸಣ್ಣ ದೋಣಿಗಳಿದ್ದವು, ದಾರಿ ತೋರುವವರೂ ಸಿಕ್ಕಿದ್ದರು. ಅವನು ಸಂಧಿಗೆ ಬಂದನು. ಅಲ್ಲಿಂದ ಮುಂದೆ ಅವನ ನಡೆ ಬೇರೆಯಾಯಿತು. ಪೋರ್ಚುಗೀಸರಿಗೆ ಕರಾವಳಿಯ ಸುದ್ದಿಯನ್ನೂ ಆಹಾರಸಾಮಗ್ರಿಯನ್ನೂ ಒದಗಿಸುವ ಮಿತ್ರನಾದನು. ಸೋತವನು ಗೆದ್ದವನ ಬಲವನ್ನು ತನ್ನ ಹಳೆಯ ಶತ್ರುವಿನ ಮೇಲೆ ತಿರುಗಿಸಬಹುದೇ ಎಂದು ಆಲೋಚಿಸುವುದು ಮನುಷ್ಯಸಹಜವಾದುದು. ತಿಮ್ಮೋಜನ ಹಳೆಯ ಶತ್ರು ಗೋವೆಯಲ್ಲಿದ್ದನು.

ಸಮಯ ೧೫೧೦ರಲ್ಲಿ ಬಂದಿತು. ಅಫೊನ್ಸೊ ಡ ಆಲ್ಬುಕರ್ಕನು ಇಪ್ಪತ್ತಮೂರು ಹಡಗುಗಳು ಮತ್ತು ಸುಮಾರು ಸಾವಿರದ ಇನ್ನೂರು ಸೈನಿಕರೊಡನೆ ಕೊಚ್ಚಿಯಿಂದ ಹೊರಟು ಉತ್ತರಕ್ಕೆ ಬರುತ್ತಿದ್ದನು. ಅವನ ಗುರಿ ಕೆಂಪು ಸಮುದ್ರ. ಹೊನ್ನಾವರದ ಬಳಿ ತಿಮ್ಮೋಜನು ಅವನನ್ನು ಕಂಡು ಆ ಗುರಿಯನ್ನೇ ಬದಲಿಸಿಬಿಟ್ಟನು. ಹಿಂದಿನ ವರ್ಷ ದೀವಿನ ಕದನದಲ್ಲಿ ಸೋತ ತುರ್ಕರು ಗೋವೆಯಲ್ಲಿ ಸೇರಿಕೊಂಡು ಹೊಸ ಹಡಗುಗಳನ್ನು ಕಟ್ಟುತ್ತಿದ್ದಾರೆ. ಬಿಜಾಪುರದ ದೊಡ್ಡ ಸೈನ್ಯ ನಗರದಲ್ಲಿಲ್ಲ. ತೆರಿಗೆಯ ಭಾರದಿಂದ ಅಲ್ಲಿಯ ಹಿಂದೂಗಳು ಅಸಮಾಧಾನಗೊಂಡಿದ್ದಾರೆ. ಈಗ ಹೋದರೆ ನಗರ ಕೈವಶವಾಗುವುದು. ತಿಮ್ಮೋಜನು ತಂದ ಸುದ್ದಿಯ ಸಾರ ಇದು. ಇಂದಿನ ಮಾತಿನಲ್ಲಿ ಇದನ್ನು ಬೇಹು ಎನ್ನುತ್ತೇವೆ. ಆಲ್ಬುಕರ್ಕನ ಫಿರಂಗಿಗಳೆಲ್ಲ ಸೇರಿದರೂ ಈ ಒಂದು ಸುದ್ದಿಗೆ ಸಮನಾಗಲಾರವು ಎಂಬುದು ನನ್ನ ಅಭಿಪ್ರಾಯ.

ತಿಮ್ಮೋಜನು ತಾನೂ ಪರಂಗಿಗಳ ಜೊತೆ ಹೊರ್ಮುಜಿಗೆ ಹೊರಟಿರುವುದಾಗಿ ಸುದ್ದಿ ಹಬ್ಬಿಸಿ ಪಡವುಗಳನ್ನು ಸಜ್ಜುಗೊಳಿಸಿದನು. ಕಾಳಿಯ ಅಳಿವೆಯಲ್ಲಿ, ಇಂದಿನ ಸದಾಶಿವಗಡದ ಮಗ್ಗುಲಲ್ಲಿ, ಚಿತ್ತಾಕುಲದಲ್ಲಿದ್ದ ಬಿಜಾಪುರದ ಕೋಟೆಯ ಮೇಲೆ ಅವನ ಜನ ನೆಲದ ದಾರಿಯಿಂದ ಬಿದ್ದರು. ಫೆಬ್ರವರಿ ತಿಂಗಳಲ್ಲಿ ಎರಡು ಪಡೆಗಳೂ ಮಾಂಡವಿಯ ಬಾಯಿಗೆ ಬಂದವು. ಒಳಗೆ ನೀರು ಎಷ್ಟಿದೆಯೆಂದು ಅಳೆಯದೆ ದೊಡ್ಡ ಹಡಗುಗಳನ್ನು ನುಗ್ಗಿಸುವಂತಿರಲಿಲ್ಲ. ಆಲ್ಬುಕರ್ಕನ ಸೋದರಳಿಯನು ಸಣ್ಣ ದೋಣಿಗಳಲ್ಲಿ ಮುಂದೆ ಹೋಗಿ ಆಳ ನೋಡುತ್ತ ಪಣಜಿಯ ಕೋಟೆಯನ್ನು ಹಿಡಿದನು. ಎದುರು ದಡದ ಬಾರ್ದೇಶದ ಠಾಣೆಯನ್ನು ತಿಮ್ಮೋಜನು ಹಿಡಿದನು. ನದಿಯ ಎರಡು ದಡಗಳೂ ಹೀಗೆ ಕೈಸೇರಿದ ಮೇಲೆ ನಗರವು ಹೋರಾಡಲಿಲ್ಲ. ಫೆಬ್ರವರಿ ೧೭ರಂದು ಆಲ್ಬುಕರ್ಕನು ಗೋವೆಯನ್ನು ಪ್ರವೇಶಿಸಿದನು.

ಇಲ್ಲಿ ಒಂದು ಹೋಲಿಕೆ ನೆನಪಿಗೆ ಬರುತ್ತದೆ. ೧೯೭೧ರಲ್ಲಿ ಭಾರತೀಯ ನೌಕಾಪಡೆಯವರು ಪೂರ್ವ ಬಂಗಾಳದ ತರುಣರನ್ನು ಆರಿಸಿ ಪ್ಲಾಸಿಯಲ್ಲಿ, ಭಾಗೀರಥಿಯ ದಡದಲ್ಲಿ, ಹಡಗಿನ ತಳಕ್ಕೆ ಸಿಡಿಗುಂಡು ಅಂಟಿಸುವುದನ್ನು ಕಲಿಸಿದರು. ಆಗಸ್ಟ್ ೧೫ರ ನಡುರಾತ್ರಿ ಆ ತರುಣರು ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ಬಂದರುಗಳಲ್ಲಿ ಏಕಕಾಲಕ್ಕೆ ಹಡಗುಗಳನ್ನು ಸಿಡಿಸಿದರು. ಸಿಡಿಗುಂಡಿನ ಬಳಕೆಯನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಆ ನದಿಗಳ ಸೆಳವು ಮಾತ್ರ ಅಲ್ಲಿ ಹುಟ್ಟಿ ಈಜಿದವರ ಮೈಗೇ ಗೊತ್ತು. ಮಾಂಡವಿಯ ಬಾಯಿಯಲ್ಲಿ ತಿಮ್ಮೋಜನು ಇದೇ ಬಂಡವಾಳವನ್ನು ಪರಂಗಿಗಳಿಗೆ ಕೊಟ್ಟನು.

ಅದಕ್ಕೆ ಪ್ರತಿಯಾಗಿ ಅವನು ಬಯಸಿದುದು ಗೋವೆಯನ್ನೇ. ಪರಂಗಿಗಳು ಬೇಕಾದುದನ್ನು ದೋಚಿಕೊಂಡು ಹಡಗು ಹತ್ತುವರು, ವರ್ಷಕ್ಕಿಷ್ಟು ಕಪ್ಪಕೊಟ್ಟು ತಾನು ನಗರವನ್ನು ಆಳುವೆನು ಎಂಬುದು ಅವನ ಲೆಕ್ಕವಾಗಿತ್ತು. ಅದುವರೆಗೆ ಅವರು ಎಲ್ಲಿಯೂ ವಿಸ್ತಾರವಾದ ನೆಲವನ್ನು ಆಳಿರಲಿಲ್ಲ. ಬಂದರಿನಲ್ಲಿ ಒಂದು ಕೋಟೆ, ಒಂದು ಉಗ್ರಾಣ, ಇಷ್ಟೇ ಅವರ ರೀತಿ. ಆದುದರಿಂದ ಲೆಕ್ಕವು ಅವಿವೇಕದ್ದೆನ್ನಲಾಗದು. ಆದರೆ ಆಲ್ಬುಕರ್ಕನು ಬೇರೆ ತೆರನಾದ ಮನುಷ್ಯ. ಅವನು ಗೋವೆಯನ್ನು ತನ್ನ ದೊರೆಗಾಗಿ ಇಟ್ಟುಕೊಂಡನು. ತಿಮ್ಮೋಜನಿಗೆ ಸುತ್ತಲಿನ ಹಳ್ಳಿಗಳ ಕಂದಾಯ ವಸೂಲಿಯ ಅಧಿಕಾರವೂ ಹಿಂದೂಗಳ ಮೇಲ್ವಿಚಾರಣೆಯೂ ದೊರೆತವು. ಚಲಾವಣೆಗೆ ನಾಣ್ಯ ಸಾಲದೆ ಜನ ಕಷ್ಟಪಡುತ್ತಿರಲು ಹೊಸ ನಾಣ್ಯಗಳನ್ನು ಅಚ್ಚುಹಾಕಿಸಬೇಕೆಂದು ಆಲ್ಬುಕರ್ಕನಿಗೆ ಸೂಚಿಸಿದವನೂ ಅವನೇ. ಹೀಗೆ ಕಡಲಿನ ಹೊಂಚುಗಾರನು ಕಂದಾಯದ ಅಧಿಕಾರಿಯಾದನು. ಆ ಉದ್ಯೋಗ ಅವನಿಗೆ ಒಗ್ಗಿದಂತೆ ತೋರುವುದಿಲ್ಲ.

ಮೂರು ತಿಂಗಳು ಕಳೆಯುವುದರೊಳಗೆ ಬಾಲಕನಾದ ಇಸ್ಮಾಯಿಲ್ ಆದಿಲ್ ಖಾನನ ಹೆಸರಿನಲ್ಲಿ ಬಿಜಾಪುರದ ಮಹಾಸೈನ್ಯ ಗೋವೆಯನ್ನು ಸುತ್ತಿಕೊಂಡಿತು. ಮೇ ತಿಂಗಳ ಒಂದು ಬಿರುಮಳೆಯ ರಾತ್ರಿ ಬಿಜಾಪುರದವರು ತೆಪ್ಪಗಳ ಮೇಲೆ ಹೊಳೆಯನ್ನು ದಾಟಿ ದ್ವೀಪದೊಳಕ್ಕೆ ನುಗ್ಗಿದರು. ಕತ್ತಲೆ, ಮಳೆ, ನೀರು ಯಾರೊಬ್ಬರ ಆಸ್ತಿಯೂ ಅಲ್ಲವೆಂಬುದು ಪರಂಗಿಗಳಿಗೆ ಆಗ ಅರಿವಾಯಿತು. ತಿಂಗಳ ಕೊನೆಗೆ ಅವರು ನಗರ ಬಿಟ್ಟು ಹಡಗು ಹತ್ತಿದರು. ಆದರೆ ಮಳೆಗಾಲ ಆರಂಭವಾಗಿ ಅಳಿವೆ ಮುಚ್ಚಿತ್ತು. ಆಗಸ್ಟ್ ತಿಂಗಳವರೆಗೆ ಮಾಂಡವಿಯ ನೀರಿನ ಮೇಲೆ, ಎರಡು ದಡಗಳಿಂದಲೂ ಗುಂಡಿನ ಏಟು ತಿನ್ನುತ್ತ, ಹಸಿವಿನಿಂದ ಇಲಿಗಳನ್ನು ಕೂಡ ತಿಂದು ಅವರು ಕಾಲ ಕಳೆದರು. ಹೊರಬಿದ್ದು ದಕ್ಷಿಣಕ್ಕೆ ಬಂದಾಗ ಅವರಿಗೆ ಆಹಾರವನ್ನೂ, ಆದಿಲ್ ಖಾನನು ಒಳನಾಡಿಗೆ ತೆರಳಿದ ಸುದ್ದಿಯನ್ನೂ ಕೊಟ್ಟವನು ತಿಮ್ಮೋಜನು. ಅಂದು ಅವನು ಬಾಗಿಲು ಮುಚ್ಚಿದ್ದರೆ ಪರಂಗಿಗಳ ಕಥೆ ಬೇರೆಯಾಗುತ್ತಿತ್ತೇನೋ.

ನವೆಂಬರ್ ತಿಂಗಳಲ್ಲಿ ಆಲ್ಬುಕರ್ಕನು ಇನ್ನೂ ದೊಡ್ಡ ಪಡೆಯೊಡನೆ ಹೊನ್ನಾವರಕ್ಕೆ ಬಂದನು. ಆಗ ತಿಮ್ಮೋಜನ ಮದುವೆಯ ಸಂಭ್ರಮ ನಡೆದಿತ್ತು. ವಧು ಗೇರುಸೊಪ್ಪೆಯ ರಾಣಿಯ ಮಗಳು. (ಈ ರಾಣಿಯನ್ನು ಪ್ರಸಿದ್ಧಳಾದ ಚೆನ್ನಭೈರಾದೇವಿಯೆಂದು ಯಾರೂ ಭ್ರಮಿಸಬಾರದು. ಆಕೆ ಆಳಿದುದು ಅರ್ಧ ಶತಮಾನದ ಮೇಲೆ.) ಮದುಮಗನಿಗಾಗಿ ಕಾಯಲು ಆಲ್ಬುಕರ್ಕನಿಗೆ ವ್ಯವಧಾನವಿರಲಿಲ್ಲ. ಅವನು ಮುಂದೆ ಹೋದನು. ನವೆಂಬರ್ ೨೫ರಂದು ನಗರ ಬಿದ್ದಿತು. ತಿಮ್ಮೋಜನು ತನ್ನ ಜನರೊಡನೆ ತಲುಪಿದುದು ಎಲ್ಲ ಮುಗಿದ ಮೇಲೆ. ಆ ದಿನಗಳಲ್ಲಿ ಆಲ್ಬುಕರ್ಕನ ಆಜ್ಞೆಯಂತೆ ಗೋವೆಯ ಮುಸಲ್ಮಾನರನ್ನು, ಹೆಂಗಸರು ಮಕ್ಕಳೆನ್ನದೆ, ಸಾವಿರಗಟ್ಟಲೆ ಕೊಂದರು. ತಾನು ಹುಟ್ಟಿದೆನೆಂದು ಹೇಳಿಕೊಳ್ಳುತ್ತಿದ್ದ ನಗರವನ್ನು ತಿಮ್ಮೋಜನು ಆ ಸ್ಥಿತಿಯಲ್ಲಿ ಕಂಡನು.

ತಿಮ್ಮೋಜನು ದೇಶದ್ರೋಹಿಯೇ? ಈ ಪ್ರಶ್ನೆಯನ್ನು ಕೇಳದೆ ಅವನ ಚರಿತ್ರೆಯನ್ನು ಓದುವುದು ಸಾಧ್ಯವಿಲ್ಲ. ಅವನ ಕಾಲದಲ್ಲಿ ಭಾರತವೆಂಬ ಒಂದು ರಾಜ್ಯವಿರಲಿಲ್ಲ. ಅವನಿಗೆ ಬಿಜಾಪುರವೂ ಪರರಾಜ್ಯ, ಪೋರ್ಚುಗಲ್ಲೂ ಪರರಾಜ್ಯ. ವಿಜಯನಗರದ ಕೃಷ್ಣದೇವರಾಯನೇ ಕುದುರೆಗಳಿಗಾಗಿ ಪರಂಗಿಗಳ ಸ್ನೇಹವನ್ನು ಬಯಸಿದನು. ಆದುದರಿಂದ ಇಂದಿನ ಅಳತೆಗೋಲಿನಿಂದ ಅವನನ್ನು ದ್ರೋಹಿಯೆನ್ನಲು ನನಗೆ ಮನಸ್ಸು ಬಾರದು. ಆದರೆ ಅವನ ತಪ್ಪು ಸಣ್ಣದಲ್ಲ. ಸಣ್ಣ ಪಡೆಯ ಬಲವೆಲ್ಲ ಅದರ ಗುಟ್ಟುಗಳಲ್ಲಿದೆ: ಯಾವ ಅಳಿವೆಯಲ್ಲಿ ಯಾವ ತಿಂಗಳು ಎಷ್ಟು ನೀರು, ಯಾವ ದಡದಲ್ಲಿ ಯಾರು ಮಿತ್ರರು, ಶತ್ರುವಿನ ಸೈನ್ಯ ಯಾವಾಗ ದೂರ. ಈ ಗುಟ್ಟುಗಳನ್ನು ಒಮ್ಮೆ ಕೊಟ್ಟಮೇಲೆ ಕೊಟ್ಟವನ ಅಗತ್ಯವೇ ತೀರಿಹೋಗುತ್ತದೆ. ಮೊದಲನೆಯ ಸಲ ತಿಮ್ಮೋಜನಿಲ್ಲದೆ ಮಾಂಡವಿಯನ್ನು ಹೊಗಲು ಹಿಂಜರಿದ ಆಲ್ಬುಕರ್ಕನು ಒಂಬತ್ತು ತಿಂಗಳ ಮೇಲೆ ಅವನ ಮದುವೆ ಮುಗಿಯುವವರೆಗೂ ಕಾಯಲಿಲ್ಲ. ಅಂದು ಸೇರಿದ ಪರಂಗಿಗಳು ಗೋವೆಯಿಂದ ಹೊರಟುದು ನಾಲ್ಕು ನೂರ ಐವತ್ತೊಂದು ವರ್ಷಗಳ ಮೇಲೆ.

ಮುಂದಿನದು ಬೇಗ ಮುಗಿಯುವ ಕಥೆ. ಹೊನ್ನಾವರದ ರಾಜಮನೆತನದವನೂ ಅಲ್ಲಿಯ ಸಿಂಹಾಸನಕ್ಕೆ ಹಕ್ಕುದಾರನೂ ಆದ ಒಬ್ಬನಿಗೆ (ಪೋರ್ಚುಗೀಸರು ಅವನನ್ನು ಮೆಲ್ರಾವ್ ಎಂದು ಬರೆದಿದ್ದಾರೆ) ಆಲ್ಬುಕರ್ಕನು ಗೋವೆಯ ಸುತ್ತಲಿನ ನೆಲದ ಆಡಳಿತವನ್ನು ವಹಿಸಿದನು. ತಿಮ್ಮೋಜನು ಅವನ ಕೆಳಗಾದನು. ೧೫೧೧ರಲ್ಲಿ ಆಲ್ಬುಕರ್ಕನು ಮಲಾಕ್ಕಾದ ಕಡೆಗೆ ಹೋಗಿರುವಾಗ ಬಿಜಾಪುರದ ಸೇನಾನಿ ಪುಲಾದ್ ಖಾನನು ಬಂದು ಇಬ್ಬರನ್ನೂ ಬಯಲುಕಾಳಗದಲ್ಲಿ ಸೋಲಿಸಿದನು. ನೆಲದ ಮೇಲೆ ನಿಂತು ಕಾದಾಡುವುದು ತಿಮ್ಮೋಜನ ವಿದ್ಯೆಯಾಗಿರಲಿಲ್ಲ. ಇಬ್ಬರೂ ಘಟ್ಟ ಹತ್ತಿ ವಿಜಯನಗರಕ್ಕೆ ಓಡಿದರು. ಮೆಲ್ರಾವನು ಕೆಲಕಾಲದ ಮೇಲೆ ಹೊನ್ನಾವರದ ಅರಸನಾದನು. ತಿಮ್ಮೋಜನು ಕಡಲನ್ನು ಮತ್ತೆ ಕಾಣಲಿಲ್ಲ. ಯಾವ ರಾಜ್ಯದ ಕುದುರೆಗಳಿಗಾಗಿ ಅವನು ತನ್ನ ಯೌವನವನ್ನು ನೀರಿನ ಮೇಲೆ ಕಳೆದಿದ್ದನೋ ಆ ರಾಜ್ಯದ ರಾಜಧಾನಿಯಲ್ಲಿಯೇ ತೀರಿಕೊಂಡನು. ಅವನ ಹೆಂಡತಿ ಮಕ್ಕಳು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಬಾಳಿದರು.